ಕಿವಿಯಲ್ಲಿ ಓದುವ ಚರಿತ್ರೆ: ರೇಡಿಯೊ ಸಾಕ್ಷ್ಯಚಿತ್ರಗಳ ಮೂಲಕ ರಾಕ್ ಸಂಗೀತವನ್ನು ಅರಿಯುವ ಬಗೆ

1954ರ ಜುಲೈ ತಿಂಗಳ ಒಂದು ರಾತ್ರಿ. ಅಮೆರಿಕದ ಮೆಂಫಿಸ್ ನಗರದ ಡಬ್ಲ್ಯುಎಚ್‌ಬಿಕ್ಯೂ ಕೇಂದ್ರದಲ್ಲಿ ಡ್ಯೂಯಿ ಫಿಲಿಪ್ಸ್ ಎಂಬ ನಿರೂಪಕ ಹತ್ತೊಂಬತ್ತು ವರ್ಷದ ಹುಡುಗನೊಬ್ಬನನ್ನು ಮಾತನಾಡಿಸುತ್ತಿದ್ದಾನೆ. ಹುಡುಗ ಎಲ್ವಿಸ್ ಪ್ರೀಸ್ಲಿ. ಸನ್ ಸ್ಟುಡಿಯೊದಲ್ಲಿ ಕೆಲವೇ ದಿನಗಳ ಹಿಂದೆ ಮುದ್ರಿಸಿದ ಅವನ ಹಾಡನ್ನು ಫಿಲಿಪ್ಸ್ ಮತ್ತೆ ಮತ್ತೆ ಹಾಕಿದ್ದಾನೆ, ಕೇಂದ್ರಕ್ಕೆ ಬರುವ ಫೋನ್ ಕರೆಗಳು ನಿಲ್ಲುತ್ತಿಲ್ಲ. ಆಗ ಕೇಳಿದ ಪ್ರಶ್ನೆಗಳಲ್ಲಿ ಒಂದು ಇದು: ಯಾವ ಪ್ರೌಢಶಾಲೆಯಲ್ಲಿ ಓದಿದ್ದು? ಹುಡುಗ ಹ್ಯೂಮ್ಸ್ ಎಂದ. ಕಪ್ಪು ಮಕ್ಕಳಿಗೊಂದು, ಬಿಳಿಯ ಮಕ್ಕಳಿಗೊಂದು ಶಾಲೆಯಿದ್ದ ಊರಿನಲ್ಲಿ ಆ ಒಂದು ಹೆಸರು ಕೇಳುಗರಿಗೆ ಬೇಕಾದುದೆಲ್ಲವನ್ನೂ ಹೇಳಿತು. ಹಾಡಿದವನು ಬಿಳಿಯ.

ಈ ಘಟನೆಯನ್ನು ನಾನು ಮೊದಲು ಓದಿದ್ದು ಪುಸ್ತಕದಲ್ಲಿ. ಓದಿ ಮುಂದಿನ ಪುಟಕ್ಕೆ ಹೋಗಿದ್ದೆ. ವರ್ಷಗಳ ನಂತರ ಒಂದು ರೇಡಿಯೊ ಕಾರ್ಯಕ್ರಮದಲ್ಲಿ ಮೊದಲು ಹಾಡು ಕೇಳಿಸಿತು, ಅದರ ಬಾಲ ಮುಗಿಯುವ ಮುಂಚೆಯೇ ಈ ಪ್ರಶ್ನೆಯ ಕಥೆ ಬಂತು. ಆಗ ತಟ್ಟನೆ ಹೊಳೆಯಿತು: ಆ ರಾತ್ರಿಯ ಕೇಳುಗರಿಗೆ ಮುಖ ಕಾಣುತ್ತಿರಲಿಲ್ಲ, ಬರೀ ದನಿ ಕೇಳುತ್ತಿತ್ತು. ನನಗೂ ಹಾಗೆಯೇ. ರಾಕ್ ಸಂಗೀತದ ಚರಿತ್ರೆಯಲ್ಲಿ ಬಣ್ಣದ ಗೆರೆ ಹೇಗೆ ಅಳಿಯಿತು, ಹೇಗೆ ಅಳಿಯದೆ ಉಳಿಯಿತು ಎಂಬುದನ್ನು ಕಿವಿಯೇ ಅರ್ಥಮಾಡಿಕೊಂಡಿತು. ಹೇಳಿಕೆಯೂ ಅದಕ್ಕೆ ಪುರಾವೆಯೂ ಒಂದೇ ದಾರಿಯಲ್ಲಿ, ಬೆನ್ನುಬೆನ್ನಿಗೆ ಬರುವ ಅನುಕೂಲ ರೇಡಿಯೊಗೆ ಇದೆ. ಅದನ್ನು ಚೆನ್ನಾಗಿ ಬಳಸಿಕೊಳ್ಳುವ ಕ್ರಮವೊಂದನ್ನು ಹಲವು ವರ್ಷಗಳ ಕೇಳ್ಮೆಯಿಂದ ರೂಢಿಸಿಕೊಂಡಿದ್ದೇನೆ. ಅದನ್ನು ಹೆಜ್ಜೆಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಬೆನ್ನೆಲುಬಾಗಿ ಒಂದೇ ಒಂದು ದೀರ್ಘ ಸರಣಿ

ಹೊಸಬರು ಸಾಮಾನ್ಯವಾಗಿ ತಮಗೆ ಇಷ್ಟವಾದ ತಂಡದ ಕಂತುಗಳನ್ನು ಅಲ್ಲೊಂದು ಇಲ್ಲೊಂದು ಕೇಳಿ ನಿಲ್ಲಿಸುತ್ತಾರೆ. ಆಗ ಬಿಡಿ ಕಥೆಗಳು ಮನಸ್ಸಿನಲ್ಲಿ ಉಳಿಯುತ್ತವೆ, ಯಾವುದು ಯಾವುದರಿಂದ ಹುಟ್ಟಿತು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಮೊದಲು ಒಂದು ದೀರ್ಘ ಸರಣಿಯನ್ನು ಆರಿಸಿಕೊಂಡು, ಬೇಸರವಾದ ಕಂತನ್ನೂ ಬಿಡದೆ, ಕೊನೆಯವರೆಗೆ ಕೇಳಿ.

ಆಯ್ಕೆಗೆ ಕೊರತೆಯಿಲ್ಲ. 1969ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ನಗರದ ಎರಡು ಎದುರಾಳಿ ಕೇಂದ್ರಗಳು ಒಂದೇ ತಿಂಗಳಲ್ಲಿ ಈ ಕೆಲಸಕ್ಕೆ ಇಳಿದವು. ಕೆಎಚ್‌ಜೆ ಕೇಂದ್ರ ‘ದಿ ಹಿಸ್ಟರಿ ಆಫ್ ರಾಕ್ ಆಂಡ್ ರೋಲ್’ ಎಂಬ 48 ಗಂಟೆಗಳ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ನಿರೂಪಕ ರಾಬರ್ಟ್ ಡಬ್ಲ್ಯು. ಮಾರ್ಗನ್. ಕೆಆರ್‌ಎಲ್‌ಎ ಕೇಂದ್ರದಲ್ಲಿ ಜಾನ್ ಗಿಲಿಲ್ಯಾಂಡ್ ಅವರ ‘ಪಾಪ್ ಕ್ರಾನಿಕಲ್ಸ್’ ಆರಂಭವಾಯಿತು. ಎರಡೂ ಚರಿತ್ರೆಯೇ, ಆದರೆ ಮನೋಧರ್ಮ ಬೇರೆ. ಮೊದಲನೆಯದರಲ್ಲಿ ಜನಪ್ರಿಯ ಕೇಂದ್ರವೊಂದರ ಹುರುಪು, ವೇಗ, ಹಾಡಿನ ಮೇಲೆ ಹಾಡು. ಎರಡನೆಯದರಲ್ಲಿ ಪತ್ರಕರ್ತನ ತಾಳ್ಮೆ. ಹಾಡಿದವರು, ಹಾಡು ಬರೆದವರು, ಮುದ್ರಿಸಿದವರು ಎಲ್ಲರೂ ತಮ್ಮ ದನಿಯಲ್ಲೇ ಮಾತನಾಡುತ್ತಾರೆ.

ನನ್ನ ಶಿಫಾರಸು ‘ಪಾಪ್ ಕ್ರಾನಿಕಲ್ಸ್’. ಒಟ್ಟು 55 ಅಧ್ಯಾಯಗಳು. ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಕೇಳಬಹುದು. ನಾನು ಇದನ್ನು ಮುಂದಿಡಲು ಇನ್ನೂ ದೊಡ್ಡ ಕಾರಣವಿದೆ. ಮಾತನಾಡುವವರಿಗೆ ಘಟನೆಗಳು ಇನ್ನೂ ಹಸಿಯಾಗಿವೆ. ಐವತ್ತು ವರ್ಷಗಳ ನಂತರ ಕೊಟ್ಟ ಸಂದರ್ಶನದಲ್ಲಿ ಕಲಾವಿದರು ಸಾವಿರ ಸಲ ಹೇಳಿ ನಯವಾದ ಕಥೆಯನ್ನೇ ಹೇಳುತ್ತಾರೆ. 1968ರಲ್ಲೋ 1969ರಲ್ಲೋ ಮಾತನಾಡಿದವರಿಗೆ ತಾವು ಮುಂದೆ ದಂತಕಥೆಗಳಾಗುತ್ತೇವೆ ಎಂಬುದೇ ಖಚಿತವಿರಲಿಲ್ಲ. ಅವರು ತಡವರಿಸುತ್ತಾರೆ, ಮಾತನ್ನು ತಿದ್ದಿಕೊಳ್ಳುತ್ತಾರೆ. ಆ ತಡವರಿಕೆಯೇ ನನಗೆ ಅಮೂಲ್ಯ.

ಇದರ ಮಿತಿಯೂ ಸ್ಪಷ್ಟ. 1960ರ ದಶಕದ ಕೊನೆಗೆ ಕಥೆ ನಿಲ್ಲುತ್ತದೆ. ಹೆವಿ ಮೆಟಲ್, ಪಂಕ್, ಗ್ರಂಜ್ ಯಾವುದೂ ಇರಲು ಸಾಧ್ಯವಿಲ್ಲ. ಬ್ರಿಟನ್ನಿನ ಕಣ್ಣಿನಿಂದ ನೋಡಬೇಕಾದರೆ ಬಿಬಿಸಿ ರೇಡಿಯೊ 1 ಕೇಂದ್ರ 1973ರಲ್ಲಿ ಪ್ರಸಾರ ಮಾಡಿದ, ಅಲನ್ ಫ್ರೀಮನ್ ನಿರೂಪಣೆಯ ‘ದಿ ಸ್ಟೋರಿ ಆಫ್ ಪಾಪ್’ ಇದೆ, 26 ಕಂತುಗಳು. 1970ರ ದಶಕದ ನಂತರದ ಪರ್ಯಾಯ ರಾಕ್ ಬೇಕಾದವರಿಗೆ ಕೆನಡಾದ ಅಲನ್ ಕ್ರಾಸ್ 1993ರಲ್ಲಿ ಟೊರಾಂಟೊದ ಸಿಎಫ್‌ಎನ್‌ವೈ ಕೇಂದ್ರದಿಂದ ಆರಂಭಿಸಿದ ‘ದಿ ಆನ್‌ಗೋಯಿಂಗ್ ಹಿಸ್ಟರಿ ಆಫ್ ನ್ಯೂ ಮ್ಯೂಸಿಕ್’ ಒಳ್ಳೆಯ ಜೊತೆ. ರೇಡಿಯೊ ಸಂಪ್ರದಾಯವನ್ನು ಪಾಡ್‌ಕಾಸ್ಟ್‌ನಲ್ಲಿ ಮುಂದುವರಿಸಿದವರಲ್ಲಿ ಆಂಡ್ರ್ಯೂ ಹಿಕಿ ಹೆಸರು ಹೇಳಲೇಬೇಕು. 2018ರಲ್ಲಿ ಆರಂಭವಾದ ಅವರ ಸರಣಿ 500 ಹಾಡುಗಳ ಮೂಲಕ ರಾಕ್ ಚರಿತ್ರೆಯನ್ನು ಹೇಳಲು ಹೊರಟಿದೆ, ಮೊದಲ ಕಂತೇ ಬೆನ್ನಿ ಗುಡ್‌ಮನ್ ಅವರ ಜಾಝ್ ತಂಡದಿಂದ ಶುರುವಾಗುತ್ತದೆ. ರಾಕ್ ಚರಿತ್ರೆಯನ್ನು 1954ಕ್ಕೂ ಬಹಳ ಹಿಂದಿನಿಂದ ಹೇಳಬೇಕು ಎಂಬ ಅವರ ಹಟ ನನಗೆ ತುಂಬ ಇಷ್ಟ.

ಎರಡನೆಯ ಹೆಜ್ಜೆ: ಹುಡುಕುವ ಜಾಗಗಳು

ಹಳೆಯ ಕಾರ್ಯಕ್ರಮಗಳು ಸಿಗುವ ಮುಖ್ಯ ಕಡೆ ಇಂಟರ್ನೆಟ್ ಆರ್ಕೈವ್. ಹಾಡಿನ ಹೆಸರನ್ನೋ ತಂಡದ ಹೆಸರನ್ನೋ ಹಾಕಿ ಹುಡುಕಿದರೆ ಸಾವಿರಾರು ಫಲಿತಾಂಶಗಳಲ್ಲಿ ಕಳೆದುಹೋಗುತ್ತೀರಿ. ನಿರೂಪಕರ ಹೆಸರು, ಕೇಂದ್ರದ ಹೆಸರು, ವರ್ಷ, ಈ ಮೂರನ್ನು ಸೇರಿಸಿ ಹುಡುಕಿ.

ಒಂದು ಕಾರ್ಯಕ್ರಮ ಯಾವಾಗ ಪ್ರಸಾರವಾಯಿತು ಎಂದು ತಿಳಿಯಲು ಎರಡು ಕಡೆ ನೋಡಿ. ‘ಬಿಬಿಸಿ ಜಿನೋಮ್’ ಎಂಬಲ್ಲಿ 1923ರಿಂದ 2009ರವರೆಗಿನ ‘ರೇಡಿಯೊ ಟೈಮ್ಸ್’ ಪತ್ರಿಕೆಯ ಕಾರ್ಯಕ್ರಮ ಪಟ್ಟಿಗಳಿವೆ. ‘ವರ್ಲ್ಡ್ ರೇಡಿಯೊ ಹಿಸ್ಟರಿ’ ಎಂಬ ಸಂಗ್ರಹದಲ್ಲಿ ‘ಬಿಲ್‌ಬೋರ್ಡ್’ ಸೇರಿದಂತೆ ರೇಡಿಯೊ ಮತ್ತು ಸಂಗೀತ ವ್ಯಾಪಾರದ ಹಳೆಯ ಪತ್ರಿಕೆಗಳ ಪುಟಗಳು ಸ್ಕ್ಯಾನ್ ಆಗಿ ಸಿಗುತ್ತವೆ. ಕಂತಿನಲ್ಲಿ ‘ಈ ಹಾಡು ಬಂದ ವಾರವೇ ದೇಶವೆಲ್ಲ ಕುಣಿಯಿತು’ ಎಂದಿದ್ದರೆ ಆ ವಾರದ ಪಟ್ಟಿಯನ್ನು ತೆರೆದು ನೋಡಿ. ಎಷ್ಟೋ ಸಲ ಹಾಡು ತಿಂಗಳುಗಳ ನಂತರ ಮೆಲ್ಲಗೆ ಮೇಲೇರಿರುತ್ತದೆ.

ಕೇಳುಗರು ಮನೆಯಲ್ಲಿ ಟೇಪ್ ಮಾಡಿದ ಪ್ರತಿಗಳಲ್ಲಿ ಒಂದು ತೊಡಕಿದೆ. ಟೇಪಿನ ವೇಗ ಸ್ವಲ್ಪ ಹೆಚ್ಚು ಕಡಿಮೆಯಾಗಿದ್ದರೆ ಶ್ರುತಿಯೇ ಏರಿಳಿದಿರುತ್ತದೆ. ಪರಿಚಿತ ದನಿ ಏಕೋ ತೆಳ್ಳಗೆ ಕೇಳಿದರೆ ಅದೇ ಹಾಡಿನ ಅಧಿಕೃತ ಪ್ರತಿಯ ಜೊತೆ ಹೋಲಿಸಿ. ಉಚಿತ ಧ್ವನಿ ಸಂಪಾದನಾ ತಂತ್ರಾಂಶದಲ್ಲಿ ವೇಗವನ್ನು ಸರಿಪಡಿಸಲು ಒಂದು ನಿಮಿಷ ಸಾಕು.

ಮೂರನೆಯ ಹೆಜ್ಜೆ: ಒಂದು ಕಂತನ್ನು ಎರಡು ಸಲ ಕೇಳುವುದು

ಮೊದಲ ಸಲ ಪೆನ್ನು ಮುಟ್ಟಬೇಡಿ. ನಿರೂಪಕನಿಗೆ ಶರಣಾಗಿ ಕೇಳಿ. ಒಳ್ಳೆಯ ರೇಡಿಯೊ ಕಾರ್ಯಕ್ರಮದ ಸಂಕಲನಕಾರ ಎಲ್ಲಿ ಮಾತು ನಿಲ್ಲಿಸಬೇಕು, ಹಾಡಿನ ಯಾವ ಸಾಲಿನ ಮೇಲೆ ಮಾತು ಇಳಿಯಬೇಕು ಎಂದು ಗಂಟೆಗಟ್ಟಲೆ ಯೋಚಿಸಿರುತ್ತಾನೆ. ನಡುನಡುವೆ ನಿಲ್ಲಿಸಿದರೆ ಆ ಲಯ ಮುರಿಯುತ್ತದೆ.

ಎರಡನೆಯ ಸಲ ನೋಟ್‌ಬುಕ್ ತೆರೆಯಿರಿ. ಪುಟವನ್ನು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಕೇಳಿಸಿದ ಹಾಡು, ಹಾಡಿದವರು, ಕಂತಿನ ಎಷ್ಟನೇ ನಿಮಿಷ ಎಂಬುದು. ಎರಡನೆಯದರಲ್ಲಿ ಮಾತನಾಡಿದವರ ಹೆಸರು ಮತ್ತು ಅವರು ಆ ಘಟನೆಯಲ್ಲಿ ಎಲ್ಲಿದ್ದರು ಎಂಬುದು: ಸ್ಟುಡಿಯೊ ಒಳಗೋ, ಕಚೇರಿಯಲ್ಲೋ, ಮನೆಯಲ್ಲಿ ರೇಡಿಯೊ ಮುಂದೆಯೋ? ಮೂರನೆಯದರಲ್ಲಿ ನಿಮಗೆ ಬಂದ ಸಂಶಯ. ಈ ಮೂರನೆಯ ಭಾಗವೇ ಮುಂದಿನ ದಾರಿ ತೋರಿಸುತ್ತದೆ. ಅದು ಖಾಲಿಯಾಗಿದ್ದರೆ ಕಂತನ್ನು ಅರೆಮನಸ್ಸಿನಿಂದ ಕೇಳಿದ್ದೀರಿ ಎಂದೇ ತಿಳಿಯಿರಿ.

ಹೆಡ್‌ಫೋನ್ ಇದ್ದರೆ ಒಳ್ಳೆಯದು. ವಾರಕ್ಕೆ ಎರಡು ಕಂತು ಧಾರಾಳ ಸಾಕು. ಒಂದೇ ಸಲ ಕುಳಿತು ಐದು ಕಂತು ಕೇಳಿದ ದಿನ ನನಗೆ ಮರುದಿನ ಹೆಸರುಗಳಷ್ಟೇ ನೆನಪಿರುತ್ತಿದ್ದವು, ಸದ್ದುಗಳು ಮರೆತುಹೋಗುತ್ತಿದ್ದವು.

ನಾಲ್ಕನೆಯ ಹೆಜ್ಜೆ: ಹಾಡನ್ನು ಪೂರ್ತಿ ಕೇಳಿ, ಸರಿಯಾದ ಹಾಡನ್ನೇ ಕೇಳಿ

ಕಂತಿನಲ್ಲಿ ಬರುವುದು ತುಣುಕು. ಅದರಲ್ಲೂ ಪಾಡ್‌ಕಾಸ್ಟ್‌ಗಳಲ್ಲಿ ಹಕ್ಕುಸ್ವಾಮ್ಯದ ಕಾರಣ ಕೆಲವು ಸೆಕೆಂಡು ಮಾತ್ರ ಇರುತ್ತದೆ. ಹಾಗಾಗಿ ಪಟ್ಟಿ ಮಾಡಿದ ಹಾಡುಗಳನ್ನು ಆಮೇಲೆ ಪೂರ್ತಿಯಾಗಿ ಕೇಳುವುದು ಕೇಳುಗನ ಕೆಲಸ.

ಇಲ್ಲಿ ಎಚ್ಚರ ಬೇಕು. 1950ರ ದಶಕದ ಎಷ್ಟೋ ಗಾಯಕರು ತಮ್ಮ ಪ್ರಸಿದ್ಧ ಹಾಡುಗಳನ್ನು ವರ್ಷಗಳ ನಂತರ ಬೇರೆ ಕಂಪನಿಗಳಿಗೆ ಮತ್ತೆ ಹಾಡಿಕೊಟ್ಟಿದ್ದಾರೆ. ಆ್ಯಪ್‌ಗಳಲ್ಲಿ ಮೂಲದ ಬದಲು ಈ ಮರುಮುದ್ರಣವೇ ಮೊದಲು ಎದುರಾಗುವುದುಂಟು. ಅದೇ ಗಾಯಕ, ಅದೇ ಹಾಡು, ಆದರೆ ಚರಿತ್ರೆಯನ್ನು ಬದಲಿಸಿದ ಸದ್ದು ಅದರಲ್ಲಿಲ್ಲ. ಡೋಲು ಅತಿ ಸ್ವಚ್ಛವಾಗಿದ್ದು, ಸ್ಟೀರಿಯೊ ಎರಡೂ ಬದಿಗೆ ಅಗಲವಾಗಿ ಹರಡಿಕೊಂಡಿದ್ದು, ಹಾಡು 1955ರದು ಎಂದು ಬರೆದಿದ್ದರೆ ಅನುಮಾನಿಸಿ. ಮೂಲ ಕಂಪನಿಯ ಹೆಸರನ್ನು ಪರಿಶೀಲಿಸಿ, ಸಾಧ್ಯವಾದರೆ ಮೋನೊ ಪ್ರತಿಯನ್ನು ಆರಿಸಿ.

ಐದನೆಯ ಹೆಜ್ಜೆ: ಒಂದು ಸದ್ದಿನ ಎಳೆ ಹಿಡಿದು ಹೊರಡಿ

ಕೆಲವು ವಾರಗಳ ನಂತರ ನೋಟ್‌ಬುಕ್ಕಿನಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಬರುವುದು ಕಾಣಿಸುತ್ತದೆ. ಆಗ ವ್ಯಕ್ತಿಗಳನ್ನು ಬಿಟ್ಟು ಆ ಸದ್ದನ್ನೇ ಬೆನ್ನುಹತ್ತಿ. ನನ್ನ ಮಟ್ಟಿಗೆ ಅತ್ಯಂತ ಫಲ ಕೊಟ್ಟ ಎಳೆ ಎಂದರೆ ಗಿಟಾರಿನ ಒಡಕು ದನಿ.

1951ರ ಮಾರ್ಚ್‌ನಲ್ಲಿ ಐಕ್ ಟರ್ನರ್ ತಂಡ ಮೆಂಫಿಸ್‌ಗೆ ಬಂದು ಸ್ಯಾಮ್ ಫಿಲಿಪ್ಸ್ ಅವರ ಸ್ಟುಡಿಯೊದಲ್ಲಿ ‘ರಾಕೆಟ್ 88’ ಮುದ್ರಿಸಿತು. ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರ್ ಹಾಳಾಗಿತ್ತು. ಕಾರಿನ ಮೇಲಿಂದ ಬಿತ್ತು ಎಂದು ಒಬ್ಬರು, ಮಳೆಯಲ್ಲಿ ನೆನೆಯಿತು ಎಂದು ಇನ್ನೊಬ್ಬರು. ಹರಿದ ಸ್ಪೀಕರಿಗೆ ಕಾಗದ ತುರುಕಿ ಕೆಲಸ ನಡೆಸಿದರು. ಹೆಡ್‌ಫೋನ್ ಹಾಕಿಕೊಂಡು ಈ ಹಾಡನ್ನು ಕೇಳಿ. ಹಾಡುಗಾರನನ್ನು ಮರೆತುಬಿಡಿ, ಪಿಯಾನೊವನ್ನೂ ಬದಿಗಿಡಿ. ಕೆಳಗೆ, ಮಂದ್ರದಲ್ಲಿ, ವಿಲ್ಲಿ ಕಿಝಾರ್ಟ್ ನುಡಿಸುವ ಗಿಟಾರು ಮೇಲೆ ಹೋಗಿ ಕೆಳಗೆ ಬರುತ್ತಿರುತ್ತದೆ. ಪ್ರತಿ ಸ್ವರದ ಅಂಚು ಸವೆದಿದೆ. ತಂತಿ ಮೀಟಿದ ತಕ್ಷಣ ದನಿ ಸ್ವಚ್ಛವಾಗಿ ಏಳುವ ಬದಲು ಗೊರಗೊರನೆ ಹರಡುತ್ತದೆ. ಸ್ಯಾಕ್ಸೊಫೋನ್ ದನಿಗೂ ಅದಕ್ಕೂ ಒಂದು ನೆಂಟಸ್ತಿಕೆಯೇ ಇದೆ ಅನ್ನಿಸುತ್ತದೆ. ಮೊದಲ ಸಲ ಅದನ್ನು ಬೇರೆಯಾಗಿ ಕೇಳಿಸಿಕೊಂಡಾಗ ನಾನು ಮುಂದಿನ ಒಂದು ಗಂಟೆ ಬೇರೇನನ್ನೂ ಕೇಳಲಿಲ್ಲ.

ಅಲ್ಲಿಂದ ಮುಂದಕ್ಕೆ ಬನ್ನಿ. 1958ರಲ್ಲಿ ಲಿಂಕ್ ರೇ ನುಡಿಸಿದ ‘ರಂಬಲ್’. ಅದರಲ್ಲಿ ಒಂದು ಪದವೂ ಇಲ್ಲ. ಆದರೂ ಹೊಡೆದಾಟಕ್ಕೆ ಪ್ರಚೋದನೆಯಾದೀತು ಎಂಬ ಭಯದಿಂದ ಕೆಲವು ಅಮೆರಿಕನ್ ಕೇಂದ್ರಗಳು ಅದನ್ನು ಪ್ರಸಾರ ಮಾಡಲಿಲ್ಲ. 1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸ್ ಅವರ ಕಂಟ್ರಿ ಹಾಡು ‘ಡೋಂಟ್ ವರಿ’ಯ ಮುದ್ರಣದಲ್ಲಿ ಮಿಕ್ಸಿಂಗ್ ಯಂತ್ರದ ಒಂದು ಭಾಗ ಕೆಟ್ಟು ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಗುಂಯ್‌ಗುಟ್ಟಿತು. ಅದನ್ನು ಹಾಗೆಯೇ ಉಳಿಸಿಕೊಂಡರು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ‘ಯು ರಿಯಲಿ ಗಾಟ್ ಮಿ’ ಹಾಡಿಗಾಗಿ ತನ್ನ ಚಿಕ್ಕ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ತಾನೇ ಸೀಳಿದ. ಮರುವರ್ಷ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗಾಗಿ ಕಾಲಿನಿಂದ ಒತ್ತುವ ಫಝ್ ಪೆಟ್ಟಿಗೆಯಲ್ಲಿ ಆ ಸದ್ದನ್ನು ತಯಾರಿಸಿದರು. ಆ ಜಾಗದಲ್ಲಿ ತುತ್ತೂರಿಗಳು ಬರಲಿ ಎಂಬುದು ಅವರ ಮೂಲ ಆಲೋಚನೆಯಾಗಿತ್ತು.

ಹದಿನಾಲ್ಕು ವರ್ಷಗಳಲ್ಲಿ ಆಕಸ್ಮಿಕ ಒಂದು ಉದ್ದೇಶವಾಯಿತು, ಉದ್ದೇಶ ಒಂದು ಸರಕಾಯಿತು. ಈ ಐದು ಮುದ್ರಣಗಳನ್ನು ಒಂದರ ಹಿಂದೊಂದು ಕೇಳಲು ಹದಿನೈದು ನಿಮಿಷವೂ ಬೇಡ. ಅವುಗಳ ಹಿಂದಿನ ಕಥೆಗಳು ಬೇರೆ ಬೇರೆ ಸರಣಿಗಳ ಬೇರೆ ಬೇರೆ ಕಂತುಗಳಲ್ಲಿ ಚದುರಿಹೋಗಿವೆ, ಪೋಣಿಸಿಕೊಳ್ಳಬೇಕಾದವರು ನಾವೇ. ಇದೇ ರೀತಿ ಡೋಲಿನ ಬ್ಯಾಕ್‌ಬೀಟನ್ನೋ (ನಾಲ್ಕರ ಎಣಿಕೆಯಲ್ಲಿ ಎರಡು, ನಾಲ್ಕರ ಮೇಲೆ ಬೀಳುವ ಪೆಟ್ಟು), ಸ್ಟುಡಿಯೊದ ಪ್ರತಿಧ್ವನಿಯನ್ನೋ, ಚರ್ಚಿನ ಗಾಸ್ಪೆಲ್ ಗಾಯನದ ಕೂಗು ಮತ್ತು ಮಾರುತ್ತರವನ್ನೋ ಹಿಡಿದು ಹೊರಡಬಹುದು.

ಆರನೆಯ ಹೆಜ್ಜೆ: ರೇಡಿಯೊವನ್ನೂ ಒಂದು ಪಾತ್ರವಾಗಿ ನೋಡಿ

ಕಥೆ ಹೇಳುತ್ತಿರುವ ಮಾಧ್ಯಮವೇ ಆ ಕಥೆಯೊಳಗೆ ಇದೆ. ನೋಟ್‌ಬುಕ್ಕಿನ ಕೊನೆಯಲ್ಲಿ ಕೆಲವು ಪುಟಗಳನ್ನು ರೇಡಿಯೊಗೇ ಮೀಸಲಿಡಿ.

ಉದಾಹರಣೆಗೆ, ಮಧ್ಯಮ ತರಂಗದ (ಎಎಂ) ಪ್ರಸಾರ ಹಗಲಿಗಿಂತ ರಾತ್ರಿ ಬಹಳ ದೂರ ಹೋಗುತ್ತದೆ. ಹಗಲಲ್ಲಿ ಅಯಾನುಗೋಳದ ಕೆಳಪದರ ಆ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಮೇಲಿನ ಪದರ ಅಲೆಗಳನ್ನು ಭೂಮಿಗೆ ಹಿಂತಿರುಗಿಸುತ್ತದೆ. ನ್ಯಾಶ್‌ವಿಲ್‌ನ ಡಬ್ಲ್ಯುಎಲ್‌ಎಸಿ ಕೇಂದ್ರ 50,000 ವಾಟ್ ಶಕ್ತಿಯಲ್ಲಿ ರಾತ್ರಿ ಹಾಕುತ್ತಿದ್ದ, ಕಪ್ಪು ಸಂಗೀತಗಾರರ ರಿದಮ್ ಆಂಡ್ ಬ್ಲೂಸ್ ಹಾಡುಗಳು ನೂರಾರು ಮೈಲಿ ದೂರದ ಹುಡುಗರಿಗೆ ಕೇಳಿಸಿದ್ದು ಹೀಗೆ. ಬ್ರಿಟನ್ನಿನ ಹುಡುಗರು 208 ಮೀಟರಿನಲ್ಲಿ ರೇಡಿಯೊ ಲಕ್ಸೆಂಬರ್ಗ್ ಹಿಡಿಯುತ್ತಿದ್ದರು, ಹಾಡಿನ ಮಧ್ಯೆ ದನಿ ಅಲೆಯಂತೆ ಬಂದು ಹೋಗುತ್ತಿತ್ತು. ಸಂಗೀತಗಾರರ ಸಂದರ್ಶನಗಳಲ್ಲಿ ‘ರಾತ್ರಿ ಹೊದಿಕೆಯೊಳಗೆ ರೇಡಿಯೊ ಇಟ್ಟುಕೊಂಡು ಕೇಳುತ್ತಿದ್ದೆ’ ಎಂಬ ಮಾತು ಪದೇಪದೇ ಬರುತ್ತದೆ. ಅದರ ಹಿಂದೆ ಬಾಲ್ಯದ ಕಳ್ಳತನದ ಜೊತೆಗೆ ಭೌತಶಾಸ್ತ್ರವೂ ಇದೆ.

ಇನ್ನೂ ಕೆಲವು ತಿರುವುಗಳನ್ನು ಗುರುತಿಸಿಕೊಳ್ಳಿ. 1941ರ ನವೆಂಬರಿನಲ್ಲಿ ಅರ್ಕನ್ಸಾದ ಹೆಲೆನಾದಲ್ಲಿ ಕೆಎಫ್‌ಎಫ್‌ಎ ಕೇಂದ್ರ ಆರಂಭಿಸಿದ, ಸನ್ನಿ ಬಾಯ್ ವಿಲಿಯಮ್ಸನ್ ನುಡಿಸುತ್ತಿದ್ದ ಮಧ್ಯಾಹ್ನದ ಬ್ಲೂಸ್ ಕಾರ್ಯಕ್ರಮ. 1951ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಅಲನ್ ಫ್ರೀಡ್ ಶುರುಮಾಡಿದ ರಿದಮ್ ಆಂಡ್ ಬ್ಲೂಸ್ ರಾತ್ರಿ ಪ್ರಸಾರ. 1964ರಲ್ಲಿ ಪರವಾನಗಿಯಿಲ್ಲದೆ ಹಡಗಿನಿಂದ ಪ್ರಸಾರ ಶುರುಮಾಡಿದ ರೇಡಿಯೊ ಕ್ಯಾರೊಲೈನ್. ಅಂಥ ಕಡಲ ಕೇಂದ್ರಗಳನ್ನು ಅಡಗಿಸಲು 1967ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಬ್ರಿಟಿಷ್ ಕಾನೂನು. ಅದೇ ವರ್ಷ ಸೆಪ್ಟೆಂಬರ್ 30ರಂದು ಹುಟ್ಟಿದ ಬಿಬಿಸಿ ರೇಡಿಯೊ 1. ಎಎಂ ಕಾರ್ಯಕ್ರಮಗಳನ್ನೇ ಎಫ್‌ಎಂನಲ್ಲೂ ಹಾಕುವುದಕ್ಕೆ ಅಮೆರಿಕದ ನಿಯಂತ್ರಣ ಸಂಸ್ಥೆ 1960ರ ದಶಕದಲ್ಲಿ ಮಿತಿ ಹೇರಿದ್ದು ಚಿಕ್ಕ ಸಂಗತಿಯಂತೆ ಕಾಣುತ್ತದೆ. ಆದರೆ ಖಾಲಿಯಾದ ಎಫ್‌ಎಂ ಸಮಯವನ್ನು ತುಂಬಲು ಬಂದವರಲ್ಲಿ ಟಾಮ್ ಡೊನಾಹ್ಯೂ ಒಬ್ಬರು. 1967ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕೆಎಂಪಿಎಕ್ಸ್ ಕೇಂದ್ರದಲ್ಲಿ ಅವರು ಆಲ್ಬಮ್‌ಗಳ ದೀರ್ಘ ಹಾಡುಗಳನ್ನು ಕತ್ತರಿಸದೆ ಹಾಕತೊಡಗಿದರು. ಎಂಟು, ಹತ್ತು ನಿಮಿಷದ ಹಾಡಿಗೂ ಪ್ರಸಾರದಲ್ಲಿ ಜಾಗ ಸಿಕ್ಕಿತು.

ಏಳನೆಯ ಹೆಜ್ಜೆ: ಪ್ರಮಾಣಿಸಿ ನೋಡಿ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತು ಕೇಳಿದ್ದಕ್ಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಇಂಪಾದ ದನಿಯಲ್ಲಿ, ಸರಿಯಾದ ಹಾಡಿನ ಹಿನ್ನೆಲೆಯಲ್ಲಿ ಬಂದ ತಪ್ಪು ಮಾಹಿತಿಯೂ ನಿಜವೆನಿಸುತ್ತದೆ.

1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ವೇದಿಕೆ ಏರಿದ ಪ್ರಸಂಗವನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಿ. ಜನ ಛೀಮಾರಿ ಹಾಕಿ ಕೂಗಿದರು ಎಂದು ಎಲ್ಲ ಕಾರ್ಯಕ್ರಮಗಳೂ ಹೇಳುತ್ತವೆ. ಏಕೆ ಕೂಗಿದರು? ಜಾನಪದಕ್ಕೆ ದ್ರೋಹವಾಯಿತು ಎಂದು ಒಬ್ಬರು. ಧ್ವನಿವ್ಯವಸ್ಥೆ ಕೆಟ್ಟು ಮಾತುಗಳೇ ಕೇಳಿಸಲಿಲ್ಲ ಎಂದು ಮತ್ತೊಬ್ಬರು. ತಂಡದೊಂದಿಗೆ ಬರೀ ಮೂರು ಹಾಡು ಹಾಡಿ ಇಳಿದುಹೋದದ್ದಕ್ಕೆ ಎಂದು ಮಗದೊಬ್ಬರು. ಹಿರಿಯ ಜಾನಪದ ಗಾಯಕ ಪೀಟ್ ಸೀಗರ್ ಕೊಡಲಿ ಹಿಡಿದು ತಂತಿ ಕತ್ತರಿಸಲು ಹೊರಟರು ಎಂಬ ಕಥೆಯೂ ಇದೆ. ತಮಗೆ ಸಿಟ್ಟು ಬಂದದ್ದು ಹಾಡಿನ ಸಾಹಿತ್ಯ ಕೇಳಿಸದಷ್ಟು ಒಡೆದುಹೋಗಿದ್ದ ಸದ್ದಿನ ಮೇಲೆ ಎಂದು ಸೀಗರ್ ಅವರೇ ಮುಂದೆ ವಿವರಿಸಿದರು. ಮೂರು ಕಾರ್ಯಕ್ರಮಗಳಲ್ಲಿ ಈ ಪ್ರಸಂಗವನ್ನು ಕೇಳಿ, ಯಾರು ಎಲ್ಲಿ ನಿಂತು ನೋಡಿದ್ದರು ಎಂದು ಎರಡನೆಯ ಭಾಗದಲ್ಲಿ ಬರೆದುಕೊಳ್ಳಿ. ವೇದಿಕೆಯ ಮೇಲಿದ್ದವರಿಗೆ ಕೇಳಿಸಿದ್ದು, ಹಿಂದಿನ ಸಾಲಿನವರಿಗೆ ಕೇಳಿಸಿದ್ದು ಒಂದೇ ಆಗಿರಲಿಲ್ಲ. ಆ ದಿನದ ಮುದ್ರಣವೂ ಉಳಿದಿದೆ, ಆದರೆ ಮೈಕುಗಳು ವೇದಿಕೆಯತ್ತ ತಿರುಗಿದ್ದವು ಎಂಬುದನ್ನು ಮರೆಯಬೇಡಿ.

ಇನ್ನೊಂದು ಎಚ್ಚರಿಕೆ ಮುಖ್ಯ. ರೇಡಿಯೊ ಹೇಳುವ ಚರಿತ್ರೆಯಲ್ಲಿ ರೇಡಿಯೊದವರು ಸಹಜವಾಗಿಯೇ ನಾಯಕರಾಗುತ್ತಾರೆ. ಅಲನ್ ಫ್ರೀಡ್ ಕಪ್ಪು ಸಂಗೀತಗಾರರ ಹಾಡುಗಳನ್ನು ಬಿಳಿಯ ಹುಡುಗರಿಗೆ ತಲುಪಿಸಿದ್ದು ನಿಜ. ಚಕ್ ಬೆರಿ ಬರೆದ ‘ಮೇಬೆಲೀನ್’ ಹಾಡಿನ ರಚನಕಾರರ ಪಟ್ಟಿಯಲ್ಲಿ 1955ರಲ್ಲಿ ಫ್ರೀಡ್ ಹೆಸರೂ ಸೇರಿಕೊಂಡು, ಬೆರಿಗೆ ಸಲ್ಲಬೇಕಾದ ಹಣ ಹಂಚಿಹೋದದ್ದೂ ನಿಜ. ಹಣ ಪಡೆದು ಹಾಡು ಹಾಕುವ ಪದ್ಧತಿಯ ಮೇಲೆ ನಡೆದ ವಿಚಾರಣೆಗಳ ನಂತರ 1962ರಲ್ಲಿ ಫ್ರೀಡ್ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ಕಟ್ಟಿದರು. ಎರಡನ್ನೂ ಒಟ್ಟಿಗೆ ಹೇಳುವ ಕಾರ್ಯಕ್ರಮವನ್ನು ನಂಬಿ. ಒಂದನ್ನೇ ಹೇಳುವುದಕ್ಕೆ ಮತ್ತೊಂದನ್ನು ಜೋಡಿಸಿಕೊಳ್ಳಿ.

ಯಾರ ದನಿ ಕೇಳಿಸಲೇ ಇಲ್ಲ ಎಂದೂ ಪ್ರತಿ ಕಂತಿನ ಕೊನೆಗೆ ಕೇಳಿಕೊಳ್ಳಿ. 1944ರಲ್ಲೇ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಗಾಸ್ಪೆಲ್ ಹಾಡನ್ನು ರಾಕ್ ಅಂಚಿಗೆ ತಂದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಷ್ಟೋ ಹಳೆಯ ಸರಣಿಗಳಲ್ಲಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತಾರೆ. ಬಿಗ್ ಮಾಮಾ ಥಾರ್ನ್‌ಟನ್ ಹಾಡಿ 1953ರಲ್ಲಿ ರಿದಮ್ ಆಂಡ್ ಬ್ಲೂಸ್ ಪಟ್ಟಿಯ ಮೊದಲ ಸ್ಥಾನಕ್ಕೇರಿಸಿದ ‘ಹೌಂಡ್ ಡಾಗ್’ ಮೂರು ವರ್ಷಗಳ ನಂತರ ಪ್ರೀಸ್ಲಿಯ ಹಾಡಾಗಿಯೇ ಲೋಕಪ್ರಸಿದ್ಧವಾಯಿತು. ಎರಡನ್ನೂ ಕೇಳಿ ನೋಡಿ. ಥಾರ್ನ್‌ಟನ್ ಹಾಡುವಾಗ ಅದು ಕೆಲಸಕ್ಕೆ ಬಾರದ ಗಂಡಸೊಬ್ಬನನ್ನು ಮನೆಯಿಂದ ಹೊರದಬ್ಬುವ ಹೆಂಗಸಿನ ಹಾಡು, ಆ ಅರ್ಥವೇ ಎರಡನೆಯದರಲ್ಲಿ ಕಳಚಿಹೋಗಿದೆ.

ಎಂಟನೆಯ ಹೆಜ್ಜೆ: ಕೇಳಿದ್ದನ್ನು ಉಳಿಸಿ

ಬ್ರಿಟನ್ನಿನಲ್ಲಿ ಸಂಗೀತಗಾರರ ಸಂಘ ಮತ್ತು ಧ್ವನಿಮುದ್ರಿಕೆ ಕಂಪನಿಗಳೊಂದಿಗಿನ ಒಪ್ಪಂದದಂತೆ ಬಿಬಿಸಿ ದಿನಕ್ಕೆ ಕೆಲವೇ ಗಂಟೆ ಮಾತ್ರ ತಟ್ಟೆಗಳನ್ನು ನುಡಿಸಬಹುದಿತ್ತು. ಉಳಿದ ಸಮಯಕ್ಕೆ ತಂಡಗಳನ್ನೇ ಸ್ಟುಡಿಯೊಗೆ ಕರೆಸಿ ಹಾಡಿಸುತ್ತಿದ್ದರು. 1962ರ ಮಾರ್ಚ್‌ನಿಂದ 1965ರವರೆಗೆ ಬೀಟಲ್ಸ್ ತಂಡ ಹೀಗೆ ಬಿಬಿಸಿ ರೇಡಿಯೊದಲ್ಲಿ 88 ಹಾಡುಗಳನ್ನು ಒಟ್ಟು 275 ಸಲ ಹಾಡಿತು. ಅಷ್ಟು ಸಂಪತ್ತಿನ ಬಹುಪಾಲು ಟೇಪುಗಳನ್ನು ಆಗ ಯಾರೂ ಜೋಪಾನವಾಗಿ ಇಡಲಿಲ್ಲ. 1982ರಲ್ಲಿ ಆ ದಿನಗಳ ಬಗ್ಗೆ ಬಿಬಿಸಿ ಸಾಕ್ಷ್ಯಚಿತ್ರವೊಂದನ್ನು ಪ್ರಸಾರ ಮಾಡಿದಾಗ, ಆಮೇಲೆ 1994ರಲ್ಲಿ ಆಲ್ಬಮ್ ಬಂದಾಗ, ಚೂರುಪಾರು ಹುಡುಕಿ ಜೋಡಿಸಬೇಕಾಯಿತು. ಮನೆಯಲ್ಲಿ ಕುಳಿತು ರೇಡಿಯೊದಿಂದ ಟೇಪ್ ಮಾಡಿಕೊಂಡಿದ್ದ ಕೇಳುಗರ ಪ್ರತಿಗಳೂ ಕೆಲಸಕ್ಕೆ ಬಂದವು.

ಆದ್ದರಿಂದ ಹಳೆಯ ಪೆಟ್ಟಿಗೆಯಲ್ಲಿ ರೇಡಿಯೊ ಕಾರ್ಯಕ್ರಮದ ಕ್ಯಾಸೆಟ್ ಸಿಕ್ಕರೆ ಮೊದಲು ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಆಮೇಲೆ ಯಾರೂ ಅದರ ಮೇಲೆ ಅರಿವಿಲ್ಲದೆ ಬೇರೇನನ್ನೂ ಮುದ್ರಿಸಲಾರರು. ಪ್ಲೇಯರಿನ ತಲೆಯನ್ನು ಸ್ವಚ್ಛಗೊಳಿಸಿ, ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ನಂತರ ನುಡಿಸಿ. ಎಂಪಿ3 ಬದಲು ಡಬ್ಲ್ಯುಎವಿ ರೂಪದಲ್ಲಿ, ಸಾಧ್ಯವಾದರೆ 24 ಬಿಟ್‌ನಲ್ಲಿ ಉಳಿಸಿಕೊಳ್ಳಿ. ಗೊರಗೊರ ಸದ್ದನ್ನು ತೆಗೆಯುವ ಆಸೆಯಾದರೆ ಅದನ್ನು ಇನ್ನೊಂದು ಪ್ರತಿಯಲ್ಲಿ ಮಾಡಿ, ಮೂಲವನ್ನು ಮುಟ್ಟಬೇಡಿ. ಮಧ್ಯದ ಜಾಹೀರಾತು, ಸಮಯ ಹೇಳುವ ದನಿ, ಸುದ್ದಿಯ ತುಣುಕು ಇವನ್ನು ಕತ್ತರಿಸಲೇಬೇಡಿ. ಕ್ಯಾಸೆಟ್ಟಿನ ಮೇಲೆ ದಿನಾಂಕವಿಲ್ಲದಿದ್ದರೆ ಆ ಸುದ್ದಿಯ ತುಣುಕೇ ಪ್ರಸಾರದ ದಿನವನ್ನು ಹೇಳುತ್ತದೆ.